ಮಳೆಯ ನಾಡಿನಲ್ಲಿ ಮೂಳೆಯ ಆರೋಗ್ಯ

ಜುಲೈ ತಿಂಗಳ ಒಂದು ಬೆಳಗನ್ನು ನೆನೆಸಿಕೊಳ್ಳಿ. ಕೊಡಗಿನಲ್ಲಿ ಕಕ್ಕಡದ ಮಳೆ ಬಿಟ್ಟೂಬಿಡದೆ ಸುರಿಯುತ್ತಿದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೌದೆ ತರಲೆಂದು ಹಿತ್ತಿಲಿಗೆ ಹೊರಟು, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬೀಳುತ್ತಾರೆ. ಎತ್ತರದಿಂದ ಬಿದ್ದದ್ದಲ್ಲ, ನಿಂತ ನೆಲದಲ್ಲೇ ಬಿದ್ದದ್ದು. ಆದರೂ ಏಳಲಾಗುವುದಿಲ್ಲ. ತೊಡೆಯ ಮೂಳೆ ಸೊಂಟದ ಬಳಿ ಮುರಿದಿದೆ. ಮನೆಯವರು ಮಳೆಯನ್ನು ಬೈಯುತ್ತಾರೆ. ಆದರೆ ಆ ಮೂಳೆ ಮುರಿದದ್ದು ಅಂದಾದರೂ, ಸವೆಯತೊಡಗಿದ್ದು ಹಲವು ವರ್ಷಗಳ ಹಿಂದೆ. ಈ ಸವೆತ ಏಕೆ ಬರುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೂಳೆ ಎಂದೊಡನೆ ಒಣಗಿದ, ಜೀವವಿಲ್ಲದ ವಸ್ತು ನಮ್ಮ ಕಣ್ಣಿಗೆ ಬರುತ್ತದೆ. ವಾಸ್ತವವಾಗಿ ಅದು ಜೀವಂತ ಅಂಗ. ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿರುತ್ತವೆ. ಹುಟ್ಟಿದ ಮಗುವಿನಲ್ಲಿ ಇದಕ್ಕಿಂತ ಹೆಚ್ಚು. ಬೆಳೆಯುತ್ತಾ ಹಲವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಅಸ್ಥಿಪಂಜರ ನಮ್ಮನ್ನು ನಿಲ್ಲಿಸುತ್ತದೆ. ಮಿದುಳು, ಹೃದಯ, ಶ್ವಾಸಕೋಶಗಳನ್ನು ಕಾಯುತ್ತದೆ. ಅದರೊಳಗಿನ ಕೆಂಪು ಮಜ್ಜೆಯಲ್ಲಿ ರಕ್ತಕಣಗಳು ತಯಾರಾಗುತ್ತವೆ.

ಹಳೆಯ ಮನೆಗಳಲ್ಲಿ ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿ ಗೋಡೆ ಕಟ್ಟುತ್ತಿದ್ದುದನ್ನು ನೀವು ನೋಡಿರಬಹುದು. ಮೂಳೆಯ ರಚನೆಯೂ ಹಾಗೆಯೇ. ಪ್ರೋಟೀನಿನ ಎಳೆಗಳು ತಟ್ಟಿಯಂತೆ. ಅದರ ಮೇಲೆ ಕೂರುವ ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳು ಮಣ್ಣಿನಂತೆ. ತಟ್ಟಿಯಿಂದ ಬಾಗುವ ಗುಣ, ಮಣ್ಣಿನಿಂದ ಗಟ್ಟಿತನ. ಈ ಗೋಡೆಯನ್ನು ದೇಹ ಸದಾ ದುರಸ್ತಿ ಮಾಡುತ್ತಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಭಾಗ ಹೀಗೆ ಹೊಸದಾಗುತ್ತದೆ.

ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದದ್ದು ಸ್ವಲ್ಪವೇ ಆದರೂ, ಹೃದಯ ಬಡಿಯಲು, ಸ್ನಾಯು ಕೆಲಸ ಮಾಡಲು, ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ರಕ್ತದಲ್ಲಿ ಅದು ಕಡಿಮೆಯಾದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು, ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಎಂದರೆ, ನಾವು ಊಟದಲ್ಲಿ ಕೊಡದಿದ್ದರೆ ದೇಹ ಮೂಳೆಯೆಂಬ ಕಣಜದಿಂದ ಸಾಲ ತೆಗೆಯುತ್ತದೆ. ಸುಮಾರು ಮೂವತ್ತರ ವಯಸ್ಸಿನವರೆಗೆ ಕಣಜ ತುಂಬುವ ಕಾಲ. ಆಮೇಲೆ ಮೆಲ್ಲಗೆ ಇಳಿತ. ಮುಟ್ಟು ನಿಂತ ನಂತರ ಹೆಂಗಸರಲ್ಲಿ ಈ ಇಳಿತ ಬೇಗಬೇಗ ಆಗುತ್ತದೆ. ಇದೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ಮುರಿಯುವವರೆಗೆ ಇದರಲ್ಲಿ ನೋವೇ ಇಲ್ಲದಿರಬಹುದು. ಬೆನ್ನು ಗೂನಾಗುವುದನ್ನು, ಎತ್ತರ ಕುಗ್ಗುವುದನ್ನು ನಾವು "ವಯಸ್ಸಾಯಿತು" ಎಂದು ತಳ್ಳಿಹಾಕುತ್ತೇವೆ. ಬೆನ್ನುಮೂಳೆ ಒಳಗೊಳಗೇ ಕುಸಿದಿರುವುದರ ಸೂಚನೆಯೂ ಅದಾಗಿರಬಹುದು.

ಇನ್ನು ಕೊಡಗಿನ ಊಟಕ್ಕೆ ಬರೋಣ. ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ, ಅನ್ನ, ಎಲ್ಲವೂ ಅಕ್ಕಿಯದೇ. ರುಚಿಗೆ ಎರಡು ಮಾತಿಲ್ಲ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸಿಗುವ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ ಮಾತ್ರ. ಅಷ್ಟೇ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 1,000 ಮಿಲಿಗ್ರಾಂ. ಪಕ್ಕದ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ರಾಗಿ ಕೊಡಗಿನ ಅಡುಗೆಮನೆಗೆ ವಾರಕ್ಕೆ ಮೂರ್ನಾಲ್ಕು ದಿನವಾದರೂ ಬರಲಿ. ಹಾಲು, ಮೊಸರು, ನುಗ್ಗೆಸೊಪ್ಪು, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯವು. ಕಾಫಿ ಬಿಡಬೇಕೇ ಎಂದು ಕೇಳುವಿರಿ. ಬೇಡ. ದಿನಕ್ಕೆ ಎರಡು ಮೂರು ಲೋಟ ಕಾಫಿಯಿಂದ ಹೋಗುವ ಕ್ಯಾಲ್ಸಿಯಂ ಅತ್ಯಲ್ಪ. ಆದರೆ ಬೆಲ್ಲದ ಕರಿಕಾಫಿಯನ್ನೇ ದಿನವಿಡೀ ಕುಡಿದು, ಹಾಲು ಮೊಸರನ್ನು ಮರೆತರೆ ಮೂಳೆಗೆ ನಷ್ಟ.

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲು 'ಡಿ' ಜೀವಸತ್ವ ಬೇಕು. ಬಿಸಿಲು ಚರ್ಮದ ಮೇಲೆ ಬಿದ್ದಾಗ ಅದು ತಯಾರಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ತೋಟದಲ್ಲಿ ದುಡಿಯುವವರಿಗೆ ಬಿಸಿಲಿಗೇನು ಕೊರತೆ ಎನ್ನಬಹುದು. ಆದರೆ ಕಾಫಿ ಬೆಳೆಯುವುದೇ ಮರಗಳ ನೆರಳಿನಲ್ಲಿ. ಕೆಲಸದವರ ಮೈತುಂಬ ಬಟ್ಟೆ, ತಲೆಗೆ ವಸ್ತ್ರ. ಆದ್ದರಿಂದ ಮಳೆ ಬಿಟ್ಟ ತಿಂಗಳುಗಳಲ್ಲಿ, ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರೊಳಗೆ ಹದಿನೈದು ಇಪ್ಪತ್ತು ನಿಮಿಷ ಕೈಕಾಲು ಮುಖಗಳಿಗೆ ಬಿಸಿಲು ತಾಗಲಿ. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಪ್ರಯೋಜನವಿಲ್ಲ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸವನ್ನು ಸಂತೋಷದಿಂದ ಉಣ್ಣಿ. ಆದರೆ ಅದು ಬಿಸಿಲಿಗೆ ಬದಲಿಯಲ್ಲ. ವಯಸ್ಸಾದವರು ವೈದ್ಯರನ್ನು ಕೇಳಿ 'ಡಿ' ಜೀವಸತ್ವದ ಮಾತ್ರೆ ತೆಗೆದುಕೊಳ್ಳಬಹುದು.

ಮೂರನೆಯದು ಚಲನೆ. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮಕ್ಕಳು, ಹೆಂಗಸರು, ಹಿರಿಯರು ಒಂದೇ ತಂಡದಲ್ಲಿ ಓಡುವುದನ್ನು ನೋಡಿದ್ದೀರಿ. ಮೂಳೆಗೆ ಬೇಕಾದದ್ದು ಇಂಥ ಓಟ, ನೆಗೆತ. ಆದರೆ ಹಬ್ಬದ ತಿಂಗಳಲ್ಲಿ ಮಾತ್ರವಲ್ಲ, ವರ್ಷವಿಡೀ. ಹುಡುಗಿಯರನ್ನೂ ಆಟದ ಮೈದಾನಕ್ಕೆ ಕಳಿಸಿ. ಅವರ ಮುಪ್ಪಿನ ಕಣಜ ತುಂಬುವುದು ಈಗಲೇ. ತಂಬಾಕು, ಅತಿಯಾದ ಮದ್ಯ ಕಣಜಕ್ಕೆ ಹೆಗ್ಗಣಗಳಿದ್ದಂತೆ. ಕೀಲುನೋವಿಗೆಂದು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಗಳೂ ಹಾಗೆಯೇ.

ಕೊನೆಯದಾಗಿ ಅಪಘಾತದ ಮಾತು. ಕರಿಮೆಣಸು ಕೊಯ್ಯುವಾಗ ಏಣಿಯಿಂದ, ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವಾಗ ಕೊಂಬೆಯಿಂದ ಬೀಳುವುದುಂಟು. ಬಿದ್ದವರನ್ನು ಗಾಬರಿಯಲ್ಲಿ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಬೇಡಿ. ಬೆನ್ನುಮೂಳೆ ಮುರಿದಿದ್ದರೆ ಒಳಗಿನ ಬೆನ್ನುಹುರಿಗೆ ಪೆಟ್ಟಾಗಿ, ನಡೆಯಬಹುದಾಗಿದ್ದವರು ಶಾಶ್ವತವಾಗಿ ಮಲಗಬೇಕಾದೀತು. ಅಲುಗಾಡಿಸದೆ 108ಕ್ಕೆ ಕರೆಮಾಡಿ. ಎತ್ತಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಿ. ಮುರಿದ ಕೈಕಾಲಿಗೆ ಬಿಗಿಯಾಗಿ ಕಟ್ಟಬೇಡಿ. ರಕ್ತ ಓಡದೆ ಅಂಗವೇ ಕೊಳೆತು ಹೋಗಬಹುದು.

ಆರಂಭದಲ್ಲಿ ಹೇಳಿದ ಅಜ್ಜಿಯನ್ನು ಮರೆಯಬೇಡಿ. "ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಮಲಗಿರಲಿ" ಎಂಬ ಮಾತು ಕರುಣೆಯಿಂದ ಬಂದರೂ ಅಪಾಯಕಾರಿ. ಹಾಸಿಗೆ ಹಿಡಿದರೆ ಬೆನ್ನುಹುಣ್ಣು, ನ್ಯುಮೋನಿಯ ಕಾಡುತ್ತವೆ. ಬೇಗ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಿನವರು ಮತ್ತೆ ಎದ್ದು ನಡೆದಾರು. ಇನ್ನೂ ಒಳ್ಳೆಯದು, ಬೀಳದಂತೆ ನೋಡಿಕೊಳ್ಳುವುದು. ಮಳೆಗಾಲಕ್ಕೆ ಮುಂಚೆ ಅಂಗಳದ ಪಾಚಿ ಉಜ್ಜಿಸಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ. ಹಿತ್ತಿಲಿಗೊಂದು ದೀಪವಿರಲಿ. ಸೌದೆಯನ್ನು ಅಜ್ಜಿಯ ಕೈಗೆಟುಕುವಲ್ಲಿ ತಂದಿಡಿ. ಇದಕ್ಕೆ ವೈದ್ಯರು ಬೇಕಿಲ್ಲ, ಮನೆಯ ಮಕ್ಕಳು ಸಾಕು.