ಓಲೆಯ ಪ್ರತಿಯೂ ಗಣಕದ ಪ್ರತಿಯೂ

(ವೀರನಹೊಸಹಳ್ಳಿಯಲ್ಲಿ ನೆರೆದ ಸದ್ಭಕ್ತರ ಮುಂದೆ ಮಾಡಿದ ಭಾಷಣ)

 

ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ತಾಳೆಯೋಲೆಯ ಕಟ್ಟುಗಳ ಛಾಯಾಚಿತ್ರವನ್ನು ತೆಗೆದು ಗಣಕಯಂತ್ರದಲ್ಲಿ ಕೂಡಿಡುವ ವಿದ್ಯೆಯನ್ನು ಕಲಿಯುತ್ತಲಿರುವರು. ಯಂತ್ರವನ್ನು ನಡೆಸುವ ಬಗೆಯು ಅವರಿಗೆ ಒಂದು ವಾರದಲ್ಲಿ ಕೈವಶವಾಯಿತು. ಆ ವಿಷಯದಲ್ಲಿ ನಾನೇ ಅವರ ಶಿಷ್ಯನು. ಆದರೆ ಯಾರನ್ನು ಕೇಳಿ ಚಿತ್ರ ತೆಗೆಯಬೇಕು, ಯಾವುದನ್ನು ಲೋಕಕ್ಕೆ ತೋರದೆ ಇಡಬೇಕು ಎಂಬುದನ್ನು ಯಂತ್ರವು ಕಲಿಸಲಾರದು. ಆ ಪಾಠವನ್ನು ಹೇಳಬೇಕಾದವರು ನಾವು.

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯನ್ನು ತಾವೆಲ್ಲರೂ ಬಲ್ಲಿರಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯು ಅಲ್ಲಿಯೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ ಬಿದ್ದಿತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಶಾಸ್ತ್ರಿಗಳ ಹೆಸರು ದೇಶದೇಶಾಂತರಗಳಲ್ಲಿ ಪ್ರಸಿದ್ಧವಾಯಿತು, ಅದು ಯುಕ್ತವೇ. ಆದರೆ ಆ ಓಲೆಯನ್ನು ತಂದೊಪ್ಪಿಸಿದವರು ತಂಜಾವೂರು ಸೀಮೆಯ ಒಬ್ಬ ಪಂಡಿತರು ಎಂದಿಷ್ಟೇ ಲೋಕವು ಬಲ್ಲುದು. ಇಷ್ಟು ದೊಡ್ಡ ಗ್ರಂಥವನ್ನು ಕಾಪಾಡಿ ಕೊಟ್ಟವರಿಗೆ ಹೆಸರೇ ಇಲ್ಲದೆ ಹೋಯಿತು.

ಕೊಟ್ಟವರ ಸಂಗತಿ ಹೀಗಾದರೆ ಪಾಠದ ಸಂಗತಿ ಬೇರೆ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು; ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅನಂತರ 1993ರಲ್ಲಿ ಸಮಗ್ರ ವಚನ ಸಂಪುಟಗಳು 15 ಬಂದವು. ಈಗ ಗಣಕದಲ್ಲಿ ಒಂದು ಪದವನ್ನು ಕೇಳಿದರೆ ಅದು ಬರುವ ವಚನಗಳೆಲ್ಲ ನಿಮಿಷದೊಳಗೆ ಎದುರಿಗೆ ನಿಲ್ಲುವುವು. ಸಂತೋಷವೇ ಸರಿ. ಆದರೆ ಹಿಂದೆ ಪ್ರತಿಕಾರನು ತಪ್ಪಿದರೆ ಆ ತಪ್ಪು ಒಂದು ಊರಿನಲ್ಲಿ ನಿಲ್ಲುತ್ತಿತ್ತು; ಅವನು ಕಡೆಯಲ್ಲಿ ತನ್ನ ಹೆಸರನ್ನು ಬರೆದು, ತಪ್ಪನ್ನು ತಿದ್ದಿಕೊಳ್ಳಿರೆಂದು ಬೇಡುತ್ತಲೂ ಇದ್ದನು. ಗಣಕದ ತಪ್ಪಿಗೆ ಊರೂ ಇಲ್ಲ, ಹೆಸರೂ ಇಲ್ಲ. ಬಸವಣ್ಣನವರ ಅಂಕಿತವನ್ನು ಬದಲಿಸಿ 1995ರಲ್ಲಿ ಅಚ್ಚಾದ ಪುಸ್ತಕವನ್ನು 1998ರಲ್ಲಿ ಸರ್ಕಾರವು ಮುಟ್ಟುಗೋಲು ಹಾಕಿತು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಸರ್ಕಾರದ ಆಜ್ಞೆಯೇ ನಿಂತಿತು. ಆ ವಿವಾದವನ್ನು ಇಲ್ಲಿ ಕೆದಕುವುದು ನನ್ನ ಇಚ್ಛೆಯಲ್ಲ. ಅಚ್ಚಿನ ಪುಸ್ತಕವು ಕೈಯಲ್ಲಿದ್ದುದರಿಂದ ಬದಲಾವಣೆಯು ಕಂಡಿತು. ಗಣಕದಲ್ಲಿ ಒಂದು ಪದವು ರಾತ್ರಿ ಬದಲಾದರೆ ಬೆಳಗ್ಗೆ ಗುರುತಿಸುವವರು ಯಾರು? ಆದಕಾರಣ ಯಾರು, ಎಂದು, ಏನನ್ನು ತಿದ್ದಿದರೆಂಬುದನ್ನು ಬರೆಯದೆ ಒಂದು ಅಕ್ಷರವನ್ನೂ ಮುಟ್ಟಕೂಡದೆಂದು ನಮ್ಮ ಹುಡುಗರಿಗೆ ಕಟ್ಟುಮಾಡಿದ್ದೇನೆ.

ಇನ್ನು ಅಪ್ಪಣೆಯ ವಿಚಾರ. ಈ ಊರಿನ ಮಗ್ಗುಲಲ್ಲಿಯೇ ನಾಗರಹೊಳೆಯ ಕಾಡು, ಜೇನುಕುರುಬರ ಹಾಡಿಗಳು. ಅವರ ಹಾಡುಗಳನ್ನೂ ಬೇರುನಾರಿನ ಔಷಧವನ್ನೂ ಧ್ವನಿಮುದ್ರಣ ಮಾಡಿ ಎಲ್ಲರಿಗೂ ಹಂಚೋಣವೆಂದು ಒಬ್ಬ ವಿದ್ಯಾರ್ಥಿಯು ಉತ್ಸಾಹದಿಂದ ಹೇಳಿದನು. ಹಾಡುವವರನ್ನು ಕೇಳಿದೆಯಾ ಎಂದರೆ ಮೌನ! ಆಸ್ಟ್ರೇಲಿಯಾದ ವರುಮುಂಗು ಜನರಿಗಾಗಿ ಕಟ್ಟಿದ ಗಣಕಭಂಡಾರದಲ್ಲಿ, ಯಾವ ಚಿತ್ರವನ್ನು ಯಾರು ನೋಡಬಹುದೆಂಬುದನ್ನು ಅವರ ಕುಲಪದ್ಧತಿಯೇ ನಿರ್ಣಯಿಸುವುದು. ಅಂಥ ಭಂಡಾರವು ಸಾಧ್ಯವೆಂದು ತಿಳಿದ ಮೇಲೂ ನಾವು ಕೇಳದೆ ತೆಗೆದುಕೊಂಡರೆ ಅದಕ್ಕೆ ಕಳವೆಂದೇ ಹೆಸರು.

ಹೀಗೆ ಹೇಳುವ ನಾನು ನಿರ್ದೋಷಿಯಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಪಿರಿಯಾಪಟ್ಟಣದ ಸೀಮೆಯಲ್ಲಿ ಓಲೆಗಳಿಗಾಗಿ ತಿರುಗುತ್ತಿದ್ದಾಗ ಒಬ್ಬ ವೃದ್ಧೆಯು ಕೆಂಪು ವಸ್ತ್ರದಲ್ಲಿ ಸುತ್ತಿದ ಕಟ್ಟೊಂದನ್ನು ಕೊಟ್ಟು, “ನಮ್ಮ ಮಾವನವರು ಪೂಜೆಯಲ್ಲಿ ಇಟ್ಟಿದ್ದರು ಅಯ್ಯನವರೇ, ಓದಿ ತಂದುಕೊಡಿ” ಎಂದರು. ಊರಿನ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ನಾನು ಬರೆದುಕೊಳ್ಳಲಿಲ್ಲ, ನೆನಪಿರುವುದೆಂದು ನಂಬಿದೆನು. ಮೊನ್ನೆ ಹುಡುಗರು ಆ ಕಟ್ಟನ್ನು ಬಿಚ್ಚಿ, “ಇದು ಯಾರ ಮನೆಯದು, ಗುರುಗಳೇ?” ಎಂದಾಗ ನಾನು ತಲೆ ತಗ್ಗಿಸಬೇಕಾಯಿತು. ಅವರು ಚಿತ್ರಗಳನ್ನು ತೆಗೆದರು, ಆದರೆ ಪ್ರಕಟಿಸಲಿಲ್ಲ. “ಕೊಟ್ಟವರ ಹೆಸರು ತಿಳಿಯದು, ಹಿಂದಿರುಗಿಸತಕ್ಕದ್ದು” ಎಂದು ಮೇಲೆ ಬರೆದಿರುವರು.

ಕಟ್ಟಿನಲ್ಲಿ ವಚನಗಳೂ, ಕಡೆಯ ಕೆಲವು ಗರಿಗಳಲ್ಲಿ ಔಷಧದ ಸಂಗತಿಯೂ ಇವೆ. ಪಿರಿಯಾಪಟ್ಟಣದ ಕಡೆಯಿಂದ ಬಂದ ಭಕ್ತರು ಈ ಸಭೆಯಲ್ಲಿ ಅನೇಕರಿರುವಿರಿ. ನಿಮ್ಮ ಮನೆಯ ಹಿರಿಯರು ಇಂಥ ಕಟ್ಟನ್ನು ಮಠದ ಅಯ್ಯನೊಬ್ಬನಿಗೆ ಕೊಟ್ಟುದನ್ನು ಹೇಳಿಕೊಂಡಿದ್ದರೆ ದಯಮಾಡಿ ನನ್ನನ್ನು ಕಾಣಿರಿ. ಅದು ಅದೇ ಕೆಂಪು ವಸ್ತ್ರದಲ್ಲಿದೆ.