ಗುಲಾಬಿಯ ಮನೆಯ ಹೊಸಿಲು

(ಮಂಗಳೂರಿನ ಬೆಂಗ್ರೆಯಲ್ಲಿ ಸೇರಿದ್ದ ಶರಣ ಬಂಧುಗಳ ಕೂಟದಲ್ಲಿ ಆಡಿದ ಮಾತುಗಳು)



ಬಂದರಿನ ಧಕ್ಕೆಯಲ್ಲಿ ದೋಣಿ ಹತ್ತಿ ಇಲ್ಲಿಗೆ ಬರುವಾಗ ಜೊತೆಗಿದ್ದ ಹಿರಿಯರೊಬ್ಬರು, "ಇವತ್ತು ಯಾವ ಶರಣರ ಬಗ್ಗೆ ಮಾತಾಡ್ತೀರಿ?" ಎಂದು ಕೇಳಿದರು. "ಸಿನಿಮಾ ಬಗ್ಗೆ" ಎಂದೆ. ಅವರು ನಕ್ಕು ಹೊಳೆಯ ಕಡೆ ನೋಡಿದರು. ನಗುವುದು ಸಹಜ. ನಮ್ಮ ಮನೆಗಳಲ್ಲಿ ಸಿನಿಮಾ ಎಂದರೆ ಒಂದೋ ಭಕ್ತಿಯದ್ದು, ಇಲ್ಲವೇ ಹೊಡೆದಾಟದ್ದು. 1959ರಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನವರಾಗಿ ನಟಿಸಿದ 'ಜಗಜ್ಯೋತಿ ಬಸವೇಶ್ವರ'ವನ್ನು ನಮ್ಮ ತಂದೆಯವರು ಚಪ್ಪಲಿ ಬಿಟ್ಟು ಕೂತು ನೋಡಿದ್ದರು. ಅವರ ಭಕ್ತಿ ದೊಡ್ಡದು. ಆದರೆ ಚಿತ್ರ ಮುಗಿದ ಮೇಲೆ ನಮ್ಮ ಓಣಿಯಲ್ಲಿ ಏನೂ ಬದಲಾಗಲಿಲ್ಲ.

ಕನ್ನಡದಲ್ಲಿ ಇನ್ನೊಂದು ಬಗೆಯ ಸಿನಿಮಾ ಇದೆ. 1970ರ 'ಸಂಸ್ಕಾರ'ದಿಂದ ಅದನ್ನು ಎಣಿಸುವ ರೂಢಿ. ಸತ್ತವನ ಹೆಣವನ್ನು ಯಾರು ಸುಡಬೇಕು ಎಂಬ ಒಂದೇ ಪ್ರಶ್ನೆಯಿಂದ ಇಡೀ ಅಗ್ರಹಾರವನ್ನು ಅಲುಗಿಸಿದ ಚಿತ್ರ. ಸೆನ್ಸಾರಿನವರು ಮೊದಲು ಅದನ್ನು ತಡೆದೇ ಬಿಟ್ಟಿದ್ದರು. ಆಮೇಲೆ 'ಚೋಮನ ದುಡಿ', 'ಘಟಶ್ರಾದ್ಧ' ಬಂದವು. ಇವುಗಳಲ್ಲಿ ಮರ ಸುತ್ತುವ ಹಾಡಿಲ್ಲ. ಕೊನೆಗೆ ಗೆದ್ದು ನಿಲ್ಲುವ ನಾಯಕನೂ ಇಲ್ಲ.

"ಇವೆಲ್ಲ ಓದಿದವರಿಗೆ" ಎನ್ನಬೇಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದವರಿಗೆ ಜಪಾನಿನ 'ರಾಶೋಮನ್', ಇಟಲಿಯ 'ಬೈಸಿಕಲ್ ಥೀವ್ಸ್', ರಾಯ್ ಅವರ 'ಪಥೇರ್ ಪಾಂಚಾಲಿ' ತೋರಿಸಿದರು. ಭಾಷೆ ಬಾರದು, ಆದರೆ ಕಳೆದ ಸೈಕಲ್ ಹುಡುಕುವ ಅಪ್ಪ ಮಗ ಯಾರಿಗೆ ಅರ್ಥವಾಗುವುದಿಲ್ಲ? ನೋಡುವುದನ್ನೂ ಕಲಿಯಬೇಕು, ಕಲಿಸಬಹುದು ಎಂದು ಅವರು ನಂಬಿದ್ದರು. ನಾವು ವಚನ ಓದಿ ಒಂದು ಸಾಲಿನ ಮೇಲೆ ಗಂಟೆಗಟ್ಟಲೆ ಚರ್ಚಿಸುತ್ತೇವಲ್ಲ, ಹಾಗೆ.

ಇಂದು ನಾನು ಹೇಳಬೇಕಾದದ್ದು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಬಗ್ಗೆ. ವೈದೇಹಿಯವರ ಕಥೆ ಅದಕ್ಕೆ ಆಧಾರ. ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವುದು ಬಣ್ಣದ ಟಿ.ವಿ. ಕುಂದಾಪುರದ ಕಡೆಯ ಮೀನುಗಾರರ ದ್ವೀಪ, ಕುಂದಗನ್ನಡದ ಮಾತು, ಕಾರ್ಗಿಲ್ ಯುದ್ಧದ ಕಾಲ. ಗುಲಾಬಿ ಮುಸ್ಲಿಂ ಹೆಂಗಸು, ಗಂಡ ಬಿಟ್ಟವಳು. ಉಮಾಶ್ರೀಯವರಿಗೆ ಈ ಪಾತ್ರ ರಾಷ್ಟ್ರಪ್ರಶಸ್ತಿ ತಂದಿತು.

ಮೊದಲ ಸಲ ನೋಡಿದಾಗ ನಾನು ಎರಡು ಬಾರಿ ಗಡಿಯಾರ ನೋಡಿದೆ, ಸುಳ್ಳು ಹೇಳುವುದಿಲ್ಲ. ಎರಡನೇ ಸಲಕ್ಕೆ ಕಣ್ಣು ಹೊಂದಿಕೊಂಡಿತು. ನಮ್ಮ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ, ಮಾಮೂಲಿ ಚಿತ್ರ ಕಟ್ಟಡದ ಎಲಿವೇಷನ್ ತೋರಿಸುತ್ತದೆ; ಇದು ಸೆಕ್ಷನ್ ಕೊಯ್ದು ತೋರಿಸುತ್ತದೆ. ಟಿ.ವಿ. ಬಂದ ಮೇಲೆ ಹೆಂಗಸರು ಗುಲಾಬಿಯ ಮನೆಗೆ ಬರುತ್ತಾರೆ. ಕೆಲವರು ಒಳಗೆ ಕೂರುತ್ತಾರೆ. ಕೆಲವರು ಹೊರಗೇ ನಿಂತು ನೋಡುತ್ತಾರೆ. ಕೆಲವರು ಆ ಕಡೆ ಸುಳಿಯುವುದೇ ಇಲ್ಲ, ಮನೆ ಮುಸಲ್ಮಾನಳದ್ದು. ಇದನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಎಂದು ನೀವೇ ನೋಡಿಕೊಳ್ಳಬೇಕು.

ನೋಡುತ್ತಿದ್ದಂತೆ ನನಗೆ 1987 ನೆನಪಾಯಿತು. ಆಗ ನಾನು ಒಂದು ನೀರಾವರಿ ಯೋಜನೆಯ ಕ್ಯಾಂಪಿನಲ್ಲಿದ್ದೆ. ಭಾನುವಾರ ಬೆಳಿಗ್ಗೆ 'ರಾಮಾಯಣ' ಶುರುವಾದರೆ ಕ್ವಾರ್ಟರ್ಸಿನವರೆಲ್ಲ ನಮ್ಮ ಮನೆಯ ಹಾಲಿನಲ್ಲಿ. ಕ್ಯಾಂಪಿನ ಕಸ ಗುಡಿಸುತ್ತಿದ್ದ ಹೆಣ್ಣುಮಗಳು ತನ್ನ ಎರಡು ಮಕ್ಕಳನ್ನು ಕಟ್ಟಿಕೊಂಡು ಕಿಟಕಿಯ ಹೊರಗೆ ನಿಂತಿರುತ್ತಿದ್ದಳು. ಒಳಗೆ ಬರಬೇಡ ಎಂದು ನಾವು ಹೇಳಲಿಲ್ಲ. ಬಾ ಅಂತಲೂ ಹೇಳಲಿಲ್ಲ. ಚಿಕ್ಕವನನ್ನು ಅವಳು ಎತ್ತಿ ಹಿಡಿದಿರುತ್ತಿದ್ದಳು, ಕಿಟಕಿ ಎತ್ತರವಿತ್ತು. ನನ್ನ ಕೊರಳಲ್ಲಿ ಇಷ್ಟಲಿಂಗವಿತ್ತು. ಅದೇ ವರ್ಷ ಬಸವ ಜಯಂತಿಯಲ್ಲಿ ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಮಾತಾಡಿ ಹಾರ ಹಾಕಿಸಿಕೊಂಡವನೂ ನಾನೇ. ಇಪ್ಪತ್ತು ವರ್ಷ ಆ ಕಿಟಕಿ ನನ್ನ ನೆನಪಿಗೇ ಬಂದಿರಲಿಲ್ಲ. ಅದನ್ನು ತೆರೆದದ್ದು ಪ್ರವಚನವಲ್ಲ, ಒಂದು ಸಿನಿಮಾ.

ಚಿತ್ರದ ಕೊನೆಗೆ ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸಿ ಕಳಿಸುತ್ತಾರೆ. ಆಮೇಲೆ, ಅವಳಿರುವಾಗ ಒಳಗೆ ಕಾಲಿಡದ ಇಬ್ಬರು ಮುದುಕಿಯರು ಟಿ.ವಿ. ನೋಡಲೆಂದು ಆ ಮನೆಯ ಒಳಗೆ ಹೋಗುತ್ತಾರೆ. ಅಲ್ಲಿ ನನಗೆ ಗಂಟಲು ಕಟ್ಟಿತು.

ಈ ಚಿತ್ರವನ್ನು ಬೆಂಗ್ರೆಯಲ್ಲೇ ತೋರಿಸಬೇಕು ಎಂಬುದು ನನ್ನ ಆಸೆ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಬಲೆ, ದೋಣಿ, ಮೊಗವೀರರು, ಬ್ಯಾರಿಗಳು; ಚಿತ್ರದ ಊರೇ ಇದು ಅನ್ನಬಹುದು. ಅವರನ್ನೂ ಕರೆಯೋಣ ಎಂದಾಗ ನಮ್ಮಲ್ಲೊಬ್ಬರು, "ಹಾಗಾದರೆ ಸಭಾಂಗಣ ಬೇಡ, ಹೊರಗೆ ಪರದೆ ಕಟ್ಟೋಣ, ಗಾಳಿ ಚೆನ್ನಾಗಿರುತ್ತದೆ" ಎಂದರು. ಗಾಳಿ ಚೆನ್ನಾಗಿರುವುದು ನಿಜ. ಸಭಾಂಗಣದಲ್ಲಿ ಫ್ಯಾನೂ ಇವೆ, ಅದೂ ನಿಜ.

ಈ ಮಾತು ಇಲ್ಲಿಯ ಬ್ಯಾರಿ ತಾಯಿಯೊಬ್ಬರ ಕಿವಿಗೆ ಬಿತ್ತು. "ನಮ್ಮ ಮನೆಯ ಚಾವಡಿಯಲ್ಲಿ ಜಾಗ ಉಂಟು, ಬನ್ನಿ" ಎಂದು ಹೇಳಿ ಕಳಿಸಿದ್ದಾರೆ. ಚಹಾ ಅವರದೇ ಅಂತೆ. ನಾನು ಒಪ್ಪಿಕೊಂಡು ಬಂದಿದ್ದೇನೆ. ಬರುವವರು ಈಗಲೇ ಕೈ ಎತ್ತಿ. ಎಷ್ಟು ಚಾಪೆ ಬೇಕು ಎಂದು ಅವರಿಗೆ ತಿಳಿಸಬೇಕು.