ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದ್ರೆ...

ನಮ್ಮ ಮನೆಗಳಲ್ಲಿ ಎಂಆರ್‌ಐ ರಿಪೋರ್ಟ್‌ಗೆ ಇರೋ ಮರ್ಯಾದೆ ನೋಡಿ. ಮಗ ಮೂರು ತಿಂಗಳಿಂದ ರೂಮು ಬಿಟ್ಟು ಹೊರಗೆ ಬರ್ತಿಲ್ಲ. ಊಟ ಸೇರ್ತಿಲ್ಲ. ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಗೋಡೆ ನೋಡ್ತಾ ಕೂತಿರ್ತಾನೆ. ಸಾಲ ಸೋಲ ಮಾಡಿ ತಲೆ ಸ್ಕ್ಯಾನ್ ಮಾಡಿಸ್ತಾರೆ. ರಿಪೋರ್ಟ್ ಬರುತ್ತೆ: ನಾರ್ಮಲ್. ಅಲ್ಲಿಗೆ ತೀರ್ಪು ಆಗೋಯ್ತು. ‘ಎಲ್ಲಾ ಸರಿಯಾಗೇ ಇದೆ ಅಂತ ಬರೆದುಕೊಟ್ಟಿದ್ದಾರಲ್ಲ, ಇನ್ನು ಇದು ಸೋಮಾರಿತನ, ನಾಟಕ.’ ಮೆಷಿನ್ ಸಾಕ್ಷಿ ಹೇಳಿದ ಮೇಲೆ ಮನುಷ್ಯನ ಮಾತನ್ನ ಯಾರು ಕೇಳ್ತಾರೆ?

ಹಾಗಾದ್ರೆ ಖಿನ್ನತೆಗೂ ಮೆದುಳಿಗೂ ಸಂಬಂಧ ಇಲ್ವಾ? ಇದೆ, ಖಂಡಿತ ಇದೆ. ಪ್ರಶ್ನೆ ಇರೋದು ಆ ಸ್ಕ್ಯಾನ್ ಏನನ್ನ ನೋಡುತ್ತೆ ಅನ್ನೋದರಲ್ಲಿ. ನಾನು ಓದಿದ್ದು ಎಂಜಿನಿಯರಿಂಗ್. ಮೀಟರ್ ಏನನ್ನ ಅಳೀತಿದೆ ಅಂತ ಗೊತ್ತಿಲ್ಲದೆ ಅದರ ಮುಳ್ಳನ್ನ ನಂಬಬೇಡ ಅನ್ನೋದು ಅಲ್ಲಿನ ಮೊದಲ ಪಾಠ. ಸಾಮಾನ್ಯ ಎಂಆರ್‌ಐ ತೋರಿಸೋದು ಮೆದುಳಿನ ರಚನೆಯನ್ನ. ಗೆಡ್ಡೆ, ರಕ್ತಸ್ರಾವ, ಪಾರ್ಶ್ವವಾಯು ಆಗಿದ್ದರೆ ಕಾಣುತ್ತೆ. ಗೋಡೆ ಬಿರುಕು ಬಿಟ್ಟಿಲ್ಲ ಅಂತ ಅದು ಹೇಳಬಲ್ಲದು. ಮನೆಯೊಳಗೆ ಯಾರು ಅಳ್ತಿದ್ದಾರೆ ಅಂತ ಹೇಳಲಾರದು. ಕೆಲವು ಸಲ ವೈದ್ಯರು ಸ್ಕ್ಯಾನ್ ಬರೆಯೋದು, ಥೈರಾಯ್ಡ್ ಟೆಸ್ಟ್ ಬರೆಯೋದು, ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಅಷ್ಟೇ.

ಮೆದುಳಿನ ಚಟುವಟಿಕೆ ನೋಡೋದಕ್ಕೆ ಫಂಕ್ಷನಲ್ ಎಂಆರ್‌ಐ ಅಂತ ಬೇರೆ ತಂತ್ರ ಇದೆ. ಟಿವಿಯಲ್ಲಿ ನಾವೇ ತೋರಿಸ್ತೀವಲ್ಲ, ಕೆಂಪು ಹಳದಿ ಹೊಳೆಯೋ ಮೆದುಳಿನ ಚಿತ್ರ, ಅದು. ಆ ಬಣ್ಣ ಯೋಚನೆಯದ್ದಲ್ಲ, ನರಕೋಶದ ಕರೆಂಟಿನದ್ದೂ ಅಲ್ಲ. ಕೆಲಸ ಮಾಡ್ತಿರೋ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತೆ, ಅದನ್ನ ಅಳೆದು ಕಂಪ್ಯೂಟರ್ ಹಾಕಿದ ಬಣ್ಣ ಅದು. ನರಕೋಶ ಮಿಲಿಸೆಕೆಂಡುಗಳಲ್ಲಿ ಕೆಲಸ ಮುಗಿಸಿರುತ್ತೆ, ರಕ್ತ ಸೆಕೆಂಡುಗಳ ನಂತರ ಬಂದು ಸೇರುತ್ತೆ. ಕರೆಂಟ್ ಬಿಲ್ ನೋಡಿ ಮನೆಯಲ್ಲಿ ಯಾವ ಸೀರಿಯಲ್ ನೋಡಿದರು ಅಂತ ಊಹಿಸಿದ ಹಾಗೆ.

ಇಲ್ಲೊಂದು ತಮಾಷೆಯ ಆದರೆ ಗಂಭೀರವಾದ ಪ್ರಯೋಗ ಹೇಳಲೇಬೇಕು. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿದರು. ಮನುಷ್ಯರ ಫೋಟೋ ತೋರಿಸಿ, ‘ಇವರ ಭಾವನೆ ಏನು?’ ಅಂತ ಮೀನನ್ನೇ ಕೇಳಿದರು! ಸತ್ತ ಮೀನಿನ ಮೆದುಳಿನಲ್ಲೂ ಕೆಲವು ಚುಕ್ಕಿಗಳು ಹೊಳೆದವು. ಸಾವಿರಾರು ಚುಕ್ಕಿಗಳನ್ನ ಒಟ್ಟಿಗೆ ಪರೀಕ್ಷೆ ಮಾಡಿದರೆ ಆಕಸ್ಮಿಕವಾಗಿ ಕೆಲವು ಹೊಳೆಯೋದು ಸಹಜ. ಲೆಕ್ಕವನ್ನ ಸರಿಯಾದ ಕ್ರಮದಲ್ಲಿ ತಿದ್ದಿದಾಗ ಚುಕ್ಕಿಗಳು ಮಾಯವಾದವು. ಸಹೋದ್ಯೋಗಿಗಳನ್ನ ಎಚ್ಚರಿಸೋದೇ ಅವರ ಉದ್ದೇಶವಾಗಿತ್ತು. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಕೂಡ ಬಂತು.

ಹಾಗಂತ ಎಲ್ಲವೂ ಮೀನಿನ ಕಥೆ ಅಲ್ಲ. ಭಯ, ದುಃಖಕ್ಕೆ ಸ್ಪಂದಿಸೋ ಅಮಿಗ್ಡಾಲಾ, ಅದನ್ನ ಹಿಡಿತದಲ್ಲಿಡೋ ಹಣೆಯ ಹಿಂದಿನ ಭಾಗ, ಇವುಗಳ ನಡುವಿನ ಹೊಂದಾಣಿಕೆಯಲ್ಲಿ ಖಿನ್ನತೆ ಇರೋರ ಗುಂಪಿಗೂ ಇಲ್ಲದವರ ಗುಂಪಿಗೂ ವ್ಯತ್ಯಾಸ ಇದೆ ಅಂತ ಅನೇಕ ಅಧ್ಯಯನಗಳು ಹೇಳಿವೆ. ಆದ್ರೆ ಅದು ಗುಂಪಿನ ಸರಾಸರಿ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಜಾಸ್ತಿ, ನಿಜ. ಆದ್ರೆ ಒಬ್ಬರ ಎತ್ತರ ಐದಡಿ ನಾಲ್ಕಿಂಚು ಅಂತ ಮಾತ್ರ ಹೇಳಿ, ಅದು ಗಂಡೋ ಹೆಣ್ಣೋ ಅಂತ ಕೇಳಿದರೆ ಏನು ಹೇಳ್ತೀರಿ? ನಿಮ್ಮ ಮಗನ ಒಂದೇ ಒಂದು ಸ್ಕ್ಯಾನ್ ಇಟ್ಟುಕೊಂಡು ಇದು ಖಿನ್ನತೆ, ಇದು ಬೈಪೋಲಾರ್ ಅಂತ ಹೇಳೋ ಪರೀಕ್ಷೆ ಇವತ್ತಿಗೂ ಆಸ್ಪತ್ರೆಗಳ ದಿನನಿತ್ಯದ ಬಳಕೆಯಲ್ಲಿ ಇಲ್ಲ.

ನರವಿಜ್ಞಾನಿ ಹೆಲೆನ್ ಮೇಬರ್ಗ್ ಮತ್ತು ತಂಡ 2005ರಲ್ಲಿ ಪ್ರಕಟಿಸಿದ ಕೆಲಸ ದೊಡ್ಡ ಸುದ್ದಿಯಾಗಿತ್ತು. ಯಾವ ಚಿಕಿತ್ಸೆಗೂ ಬಗ್ಗದ ಖಿನ್ನತೆ ಇದ್ದ 6 ಜನರ ಮೆದುಳಿನ ‘ಏರಿಯಾ 25’ ಅನ್ನೋ ಜಾಗದ ಹತ್ತಿರ ತೆಳು ಎಲೆಕ್ಟ್ರೋಡ್ ಇಟ್ಟು ಕರೆಂಟ್ ಕೊಟ್ಟರು. ಆರು ತಿಂಗಳಲ್ಲಿ 4 ಜನ ಚೇತರಿಸಿಕೊಂಡರು. ಆಮೇಲೆ 90 ಜನರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಕರೆಂಟ್ ಕೊಟ್ಟವರಿಗೂ, ಎಲೆಕ್ಟ್ರೋಡ್ ಇಟ್ಟು ಕರೆಂಟ್ ಕೊಡದವರಿಗೂ ಆರು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಆ ಫಲಿತಾಂಶವೂ ಪ್ರಕಟವಾಯಿತು. ಮೊದಲನೇ ಸುದ್ದಿಗೆ ಬಿದ್ದ ಹೆಡ್‌ಲೈನ್ ಎರಡನೇದಕ್ಕೆ ಬೀಳಲ್ಲ, ನಮ್ಮ ಕಸುಬೇ ಹಾಗೆ.

ಈಗ ಬೈಪೋಲಾರ್ ವಿಷಯಕ್ಕೆ ಬರೋಣ, ಯಾಕಂದ್ರೆ ಅಪಾಯ ಹೆಚ್ಚಿರೋದು ಇಲ್ಲೇ. ಬೈಪೋಲಾರ್ ಇರೋರು ವೈದ್ಯರ ಹತ್ತಿರ ಹೋಗೋದು ಸಾಮಾನ್ಯವಾಗಿ ಕುಸಿದಿದ್ದಾಗ. ಆಗ ಅವರು ಹೇಳೋ ಲಕ್ಷಣ, ಬರೀ ಖಿನ್ನತೆ ಇರೋರು ಹೇಳೋ ಲಕ್ಷಣ, ಎರಡೂ ಒಂದೇ ಥರ ಇರುತ್ತೆ. ವ್ಯತ್ಯಾಸ ಇರೋದು ಎರಡು ವರ್ಷದ ಹಿಂದಿನ ಆ ಒಂದು ವಾರದಲ್ಲಿ: ರಾತ್ರಿ ಮೂರೇ ಗಂಟೆ ನಿದ್ದೆ ಮಾಡಿದರೂ ಸುಸ್ತಿಲ್ಲ, ಮಾತು ನಿಲ್ಲಲ್ಲ, ಕಂಡಕಂಡವರಿಗೆ ಸಾಲ ಕೊಟ್ಟಿದ್ದು, ಒಂದೇ ದಿನ ಮೂರು ಬಿಸಿನೆಸ್ ಶುರು ಮಾಡಿದ್ದು. ಅದು ಸ್ವಲ್ಪ ಹಗುರವಾಗಿ ಬಂದಿದ್ದರಂತೂ ಮನೆಯವರು ಅದನ್ನ ಕಾಯಿಲೆ ಅಂತ ಅಂದುಕೊಂಡಿರಲ್ಲ, ‘ಅಬ್ಬಾ, ಹುಡುಗ ಚುರುಕಾದ’ ಅಂತ ದೇವರಿಗೆ ಹಣ್ಣುಕಾಯಿ ಮಾಡಿಸಿರ್ತಾರೆ. ಈ ವಿಷಯ ಯಾರೂ ಹೇಳದೆ, ವೈದ್ಯರು ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ, ಕೆಲವರಲ್ಲಿ ಅದೇ ಮಾತ್ರೆ ಉನ್ಮಾದಕ್ಕೆ ತಳ್ಳಬಹುದು. ಬೈಪೋಲಾರ್‌ಗೆ ಬೇಕಾದ ಔಷಧಿಗಳೇ ಬೇರೆ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದ ಲಿಥಿಯಂ ಇವತ್ತಿಗೂ ಅವುಗಳಲ್ಲಿ ಮುಖ್ಯವಾದದ್ದು. ಅದಕ್ಕೆ ರಕ್ತಪರೀಕ್ಷೆ ಬೇಕು, ಕಿಡ್ನಿ, ಥೈರಾಯ್ಡ್ ನೋಡ್ತಾ ಇರಬೇಕು. ಮನಸ್ಸಿಗೆ ಬಂದಾಗ ತಗೊಂಡು ಬಿಡೋ ಮಾತ್ರೆ ಅಲ್ಲ.

ನಮ್ಮ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ ಇರೋರಲ್ಲಿ ಸುಮಾರು 85%, ಬೈಪೋಲಾರ್ ಇರೋರಲ್ಲಿ ಸುಮಾರು 70% ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರು ಸ್ಕ್ಯಾನ್ ಇಲ್ಲದೆ ಉಳಿದುಹೋದವರಲ್ಲ, ಅವರ ಮಾತನ್ನ ಕೂತು ಕೇಳೋರಿಲ್ಲದೆ ಉಳಿದವರು ಅನ್ನೋದು ನನ್ನ ಅಭಿಪ್ರಾಯ.

ಹಾಗಾಗಿ ವೈದ್ಯರ ಹತ್ತಿರ ಹೋಗುವಾಗ ಒಂದು ಹಾಳೆ ತಗೊಳ್ಳಿ. ನಿದ್ದೆ ಯಾವಾಗ ಕಮ್ಮಿಯಾಯ್ತು, ಯಾವಾಗ ಬೇಡವೇ ಬೇಡ ಅನ್ನಿಸ್ತು, ದುಡ್ಡು ಯಾವಾಗ ನೀರಿನ ಹಾಗೆ ಹೋಯ್ತು, ಮನೆತನದಲ್ಲಿ ಇನ್ಯಾರಿಗಾದ್ರೂ ಹೀಗಿತ್ತಾ, ತಿಂಗಳು ಇಸವಿ ಹಾಕಿ ಬರೀರಿ. ಜೊತೆಯಲ್ಲಿ ಇದ್ದು ನೋಡಿದವರೊಬ್ಬರು ಹೋಗಿ. ಸಾಯೋ ಮಾತು ಬಂದಿದ್ದರೆ ಅದನ್ನ ಮುಚ್ಚಿಡಬೇಡಿ, ಅವತ್ತೇ ಹೋಗಿ. ರಾತ್ರಿ ಹೊತ್ತಲ್ಲಿ ಯಾರೂ ಸಿಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.